ರೋಮಿನ ಬೆಳ್ಳಿ ಬಂತು, ಚಿಲ್ಲರೆ ಬರಲಿಲ್ಲ

ವಿಶಾಖಪಟ್ಟಣದಿಂದ ಭೀಮಿಲಿಗೆ ಹೋಗುವ ಕಡಲಂಚಿನ ರಸ್ತೆಯಲ್ಲಿ ಹದಿನೈದು ಕಿಲೋಮೀಟರು ಸಾಗಿದರೆ ಎಡಕ್ಕೆ ತೊಟ್ಲಕೊಂಡ ಸಿಗುತ್ತದೆ. ಬಂಡೆಯಲ್ಲಿ ಕೊರೆದ ನೀರಿನ ತೊಟ್ಟಿಗಳಿಂದ ಗುಡ್ಡಕ್ಕೆ ಈ ಹೆಸರು. ನೌಕಾಪಡೆಯವರು ನೆಲೆಗೆ ಜಾಗ ಹುಡುಕುತ್ತ ಆಕಾಶದಿಂದ ಸರ್ವೆ ಮಾಡಿದಾಗ ಗುಡ್ಡದ ನೆತ್ತಿಯ ಬೌದ್ಧ ವಿಹಾರದ ಕುರುಹು ಕಣ್ಣಿಗೆ ಬಿತ್ತು. 1988ರಲ್ಲಿ ಆಂಧ್ರದ ಪುರಾತತ್ವ ಇಲಾಖೆ ಅಲ್ಲಿ ಅಗೆತ ಶುರುಮಾಡಿತು. ಸ್ತೂಪ, ಚೈತ್ಯ, ಭಿಕ್ಷುಗಳ ಕೋಣೆಗಳ ಸಾಲು ಎಲ್ಲ ಹೊರಬಂದವು. ಜೊತೆಗೆ ಹದಿನಾಲ್ಕು ನಾಣ್ಯಗಳು: ಒಂಬತ್ತು ಸೀಸದವು, ಸಾತವಾಹನರವು, ಐದು ಬೆಳ್ಳಿಯವು, ರೋಮಿನವು.

ಈ ಪಟ್ಟಿಯಲ್ಲಿ ಕಾಣದ ಲೋಹ ರೋಮಿನ ಕಂಚು. ಆದರೆ ಇಂದು ವಿಶಾಖಪಟ್ಟಣದಲ್ಲೋ ವಿಜಯವಾಡದಲ್ಲೋ ಬೆಂಗಳೂರಿನಲ್ಲೋ ರೋಮನ್ ನಾಣ್ಯ ಕೂಡಿಡಲು ಹೊರಟವರ ಕೈಗೆ ಮೊದಲು ಸಿಗುವುದು ಅದೇ ಕಂಚು. ನೆಲ ಕೊಟ್ಟ ಬೆಳ್ಳಿ ಮ್ಯೂಸಿಯಮ್ಮಿನ ಗಾಜಿನ ಹಿಂದೆ ಕುಳಿತಿದೆ. ನೆಲ ಕೊಡದ ಕಂಚು ಹವ್ಯಾಸಿಯ ಆಲ್ಬಮ್ಮಿಗೆ ಬಂದು ಸೇರಿದೆ. ಹೀಗೇಕಾಯಿತು ಎಂದು ಕೇಳುತ್ತ ಹೋದರೆ, ನಾಣ್ಯ ಸಂಗ್ರಹವೆಂಬ ಹವ್ಯಾಸದಲ್ಲಿ ನಿಜವಾಗಿ ಬೆಲೆಯಿರುವುದು ಯಾವುದಕ್ಕೆ ಎಂಬಲ್ಲಿಗೆ ಬಂದು ನಿಲ್ಲುತ್ತೇವೆ.

ಒಂದು ಹೆಸರು, ಮೂರು ಲೋಹ

ಹವ್ಯಾಸಿಗಳು ‘ರೋಮನ್ ಬ್ರಾಂಜ್’ ಎಂದು ಒಟ್ಟಾಗಿ ಕರೆಯುವ ನಾಣ್ಯಗಳಲ್ಲಿ ಹಿತ್ತಾಳೆ, ತಾಮ್ರ, ಕಂಚು ಮೂರೂ ಇವೆ. ಸಾಮ್ರಾಜ್ಯದ ಮೊದಲ ಶತಮಾನಗಳ ಸೆಸ್ಟರ್ಸಿಯಸ್ ಹಿತ್ತಾಳೆಯದು. ಸುಮಾರು 25 ಗ್ರಾಂ ತೂಗುತ್ತದೆ. ಅದರ ಅರ್ಧ ಬೆಲೆಯ ಡುಪೊಂಡಿಯಸ್ಸೂ ಹಿತ್ತಾಳೆಯದೇ. ಕಾಲು ಬೆಲೆಯ ಆಸ್ ತಾಮ್ರದ್ದು. ಡುಪೊಂಡಿಯಸ್ ಮತ್ತು ಆಸ್ ಗಾತ್ರದಲ್ಲಿ ಹತ್ತಿರ ಹತ್ತಿರ ಇರುವುದರಿಂದ, ಮಣ್ಣಿನಲ್ಲಿ ಹೂತು ಬಣ್ಣ ಕೆಟ್ಟ ಮೇಲೆ ಬೇರ್ಪಡಿಸುವುದು ಕಷ್ಟ. ಆಗ ಚಕ್ರವರ್ತಿಯ ತಲೆ ನೋಡಬೇಕು. ನೀರೋನ ಕಾಲದಿಂದ ಈಚೆಗೆ, ಸೂರ್ಯಕಿರಣದ ಮೊನೆಗಳಿರುವ ಕಿರೀಟವಿದ್ದರೆ ಸಾಮಾನ್ಯವಾಗಿ ಡುಪೊಂಡಿಯಸ್, ಎಲೆಗಳ ಮಾಲೆಯಿದ್ದರೆ ಆಸ್. ಹಿಂಬದಿಯಲ್ಲಿ ದೊಡ್ಡದಾಗಿ ಎಸ್, ಸಿ ಎಂಬ ಎರಡು ಅಕ್ಷರಗಳಿರುತ್ತವೆ; ಸೆನೆಟ್ಟಿನ ನಿರ್ಣಯದಂತೆ ಎಂಬುದರ ಗುರುತು ಅದು.

ಮೂರನೆಯ ಶತಮಾನದಲ್ಲಿ ರೋಮಿನ ಬೆಳ್ಳಿ ನಾಣ್ಯದಲ್ಲಿ ಬೆಳ್ಳಿ ಕರಗುತ್ತ ಬಂದು ಕೊನೆಗೆ ಹೆಸರಿಗಷ್ಟೇ ಉಳಿಯಿತು. 294ರ ಸುಮಾರಿಗೆ ಡಯೋಕ್ಲೀಷಿಯನ್ ನಾಣ್ಯ ಪದ್ಧತಿಯನ್ನೇ ಬದಲಿಸಿ, ಮೇಲೆ ಬೆಳ್ಳಿಯ ತೆಳು ಲೇಪವಿದ್ದ ಸುಮಾರು 10 ಗ್ರಾಂ ತೂಕದ ದೊಡ್ಡ ಕಂಚಿನ ನಾಣ್ಯ ತಂದ. ಅದೂ ವರ್ಷದಿಂದ ವರ್ಷಕ್ಕೆ ಇಳಿಯಿತು. ಕಾನ್‌ಸ್ಟಂಟೈನ್ ಮತ್ತು ಅವನ ಮಕ್ಕಳ ಕಾಲಕ್ಕೆ ಎರಡು ಗ್ರಾಂ ಆಸುಪಾಸಿನ, ಹೆಬ್ಬೆರಳ ಉಗುರಿನಷ್ಟು ಅಗಲದ ಬಿಲ್ಲೆಯಾಯಿತು. ಮಾರುಕಟ್ಟೆಯಲ್ಲಿ ತುಂಬಿರುವುದು ಇವೇ. ಎರಡು ಧ್ವಜಗಳ ಆಚೀಚೆ ನಿಂತ ಇಬ್ಬರು ಸೈನಿಕರು, ಅವಳಿ ಮಕ್ಕಳಿಗೆ ಹಾಲೂಡುವ ತೋಳ, ಕುದುರೆಯಿಂದ ಉರುಳಿದ ಶತ್ರುವನ್ನು ಈಟಿಯಿಂದ ಇರಿಯುವ ರೋಮನ್ ಯೋಧ ಇವುಗಳ ಹೆಸರಾಂತ ಚಿತ್ರಗಳು. ಚಿತ್ರದ ಕೆಳಗೆ ಠಂಕಸಾಲೆಯ ಗುರುತಿರುತ್ತದೆ. ಟ್ರಿಯರ್, ಸಿಸ್ಕಿಯ, ಆಂಟಿಯಾಕ್, ಅಲೆಕ್ಸಾಂಡ್ರಿಯ ಎಂದು ಊರಿನ ಹೆಸರು ಎರಡು ಮೂರು ಅಕ್ಷರದಲ್ಲಿ ಅಡಕವಾಗಿರುತ್ತದೆ. ಅದನ್ನು ಬಿಡಿಸಿ ಓದಿದ ದಿನ ಹವ್ಯಾಸಿಗೆ ಹುಚ್ಚು ಹಿಡಿಯುತ್ತದೆ.

ಯೂರೋಪಿನ ಹೊಲಗಳಲ್ಲಿ ಇಂಥವು ಗಡಿಗೆಗಟ್ಟಲೆ ಸಿಕ್ಕಿವೆ. ಸವೆದ ನಾಣ್ಯವೊಂದು ಅಲ್ಲಿ ಹೋಟೆಲಿನ ಒಂದು ಊಟದ ಬೆಲೆಗೂ ಸಿಗುವುದುಂಟು. ಹಳೆಯದೆಲ್ಲ ದುಬಾರಿ ಎಂದು ನಂಬಿದವರಿಗೆ ಇದು ಆಶ್ಚರ್ಯ. ನಾಣ್ಯದ ಬೆಲೆಯನ್ನು ವಯಸ್ಸು ನಿರ್ಧರಿಸುವುದಿಲ್ಲ. ಎಷ್ಟು ಉಳಿದಿವೆ, ಯಾವ ಸ್ಥಿತಿಯಲ್ಲಿವೆ, ಎಷ್ಟು ಜನ ಬೇಡುತ್ತಾರೆ ಎಂಬುದು ನಿರ್ಧರಿಸುತ್ತದೆ.

ಎರಡೂವರೆ ಕಿಲೋ ಹಿತ್ತಾಳೆ, ಎಂಟು ಗ್ರಾಂ ಚಿನ್ನ

ಮೊದಲ ಶತಮಾನದ ರೋಮಿನಲ್ಲಿ ಒಂದು ಚಿನ್ನದ ಔರಿಯಸ್‌ಗೆ 25 ಬೆಳ್ಳಿಯ ಡಿನೇರಿಯಸ್, ಒಂದು ಡಿನೇರಿಯಸ್‌ಗೆ 4 ಸೆಸ್ಟರ್ಸಿಯಸ್. ಅಂದರೆ ಎಂಟು ಗ್ರಾಂಗೂ ತುಸು ಕಡಿಮೆ ತೂಗುವ ಒಂದು ಔರಿಯಸ್ಸಿನ ಬೆಲೆಯನ್ನು ಹಿತ್ತಾಳೆಯಲ್ಲಿ ಹೊರಬೇಕಾದರೆ ನೂರು ಸೆಸ್ಟರ್ಸಿಯಸ್, ಎರಡೂವರೆ ಕಿಲೋ ಭಾರ. ಬೆಳ್ಳಿಯಲ್ಲಾದರೆ ನೂರು ಗ್ರಾಂ ಒಳಗೆ ಮುಗಿಯುತ್ತದೆ.

ಭಾರತ ಪ್ರತಿ ವರ್ಷ ರೋಮಿನಿಂದ ಐದು ಕೋಟಿ ಸೆಸ್ಟರ್ಸಿಯಸ್ ಸೆಳೆದುಕೊಳ್ಳುತ್ತಿದೆ ಎಂದು ಹಿರಿಯ ಪ್ಲಿನಿ ಗೊಣಗಿದ್ದು ಪ್ರಸಿದ್ಧ. ಅವನು ಸೆಸ್ಟರ್ಸಿಯಸ್ಸಿನಲ್ಲಿ ಲೆಕ್ಕ ಹೇಳಿದ್ದು ರೋಮನ್ನರು ಲೆಕ್ಕ ಬರೆಯುತ್ತಿದ್ದುದು ಆ ಏಕಮಾನದಲ್ಲಿ ಎಂಬ ಕಾರಣಕ್ಕೆ. ನಿಜವಾದ ಹಿತ್ತಾಳೆ ನಾಣ್ಯದಲ್ಲೇ ಪಾವತಿಯಾಗಿದ್ದರೆ ವರ್ಷಕ್ಕೆ 1,250 ಟನ್ ಲೋಹ ಹಡಗೇರಬೇಕಿತ್ತು. ಚಿನ್ನದಲ್ಲಾದರೆ ನಾಲ್ಕು ಟನ್ನಿಗೂ ಕಡಿಮೆ.

ಭಾರವೊಂದೇ ಕಾರಣವಲ್ಲ. ಚಿನ್ನ ಬೆಳ್ಳಿ ಯಾವ ದೇಶಕ್ಕೆ ಹೋದರೂ ತೂಕಕ್ಕೆ ಬೆಲೆ. ಹಿತ್ತಾಳೆಯ ನಾಣ್ಯಕ್ಕೆ ಬೆಲೆ ಬಂದದ್ದು ಸರ್ಕಾರದ ಮಾತಿನಿಂದ. ಆ ಮಾತು ನಡೆಯುವುದು ಸಾಮ್ರಾಜ್ಯದ ಗಡಿಯೊಳಗೆ. ಈಜಿಪ್ಟಿನ ಬಂದರು ದಾಟಿದ ಮೇಲೆ ಸೆಸ್ಟರ್ಸಿಯಸ್ ಬರಿಯ ಹಿತ್ತಾಳೆಯ ತುಂಡು. ಗ್ರೀಕ್ ವರ್ತಕನೊಬ್ಬ ಬರೆದ ‘ಪೆರಿಪ್ಲಸ್’ ಕೈಪಿಡಿಯಲ್ಲಿ ಇದು ಸ್ಪಷ್ಟವಾಗಿದೆ. ಭರೂಚ್ ಬಂದರಿಗೆ ಚಿನ್ನ ಬೆಳ್ಳಿಯ ನಾಣ್ಯ ತಂದರೆ ಸ್ಥಳೀಯ ಹಣಕ್ಕೆ ಬದಲಾಯಿಸುವಾಗ ಲಾಭವಿದೆ ಎನ್ನುವ ಅವನು, ತಾಮ್ರ, ತವರ, ಸೀಸವನ್ನು ಸರಕಿನ ಪಟ್ಟಿಯಲ್ಲಿ ಹೇಳುತ್ತಾನೆ. ಅದೇ ಪುಸ್ತಕ ಪೂರ್ವ ಕರಾವಳಿಯ ಮಸಾಲಿಯ ಎಂಬ ಸೀಮೆಯಲ್ಲಿ ನವಿರು ಬಟ್ಟೆ ಹೇರಳವಾಗಿ ತಯಾರಾಗುತ್ತದೆ ಎನ್ನುತ್ತದೆ. ಇಂದಿನ ಮಚಲೀಪಟ್ಟಣದ ಸುತ್ತಿನ ಕೃಷ್ಣಾ ಮುಖಜ ಭೂಮಿ ಅದು ಎಂದು ವಿದ್ವಾಂಸರು ಗುರುತಿಸಿದ್ದಾರೆ. ಟಾಲೆಮಿ ಹೆಸರಿಸುವ ಅಲ್ಲಿನ ಕೊಂಟಕೊಸ್ಸಿಲ ಎಂಬ ಪೇಟೆಯೇ ಇಂದಿನ ಘಂಟಸಾಲ.

ಬಟ್ಟೆ ನೇಯ್ದವನಿಗೆ, ಉಪ್ಪು ಮಾರುವವನಿಗೆ ಚಿಲ್ಲರೆ ಬೇಕಿತ್ತಲ್ಲ? ಅದನ್ನು ಸಾತವಾಹನರೇ ಕೊಟ್ಟರು. ಸೀಸದ, ತಾಮ್ರದ, ಮಿಶ್ರಲೋಹದ ನಾಣ್ಯಗಳನ್ನು ಅವರು ಧಾರಾಳವಾಗಿ ಹೊರತಂದರು. ಯಜ್ಞಶ್ರೀ ಸಾತಕರ್ಣಿಯ ಕಾಲದ, ಎರಡು ಕೂವೆಮರದ ಹಡಗಿನ ಚಿತ್ರವಿರುವ ಸೀಸದ ನಾಣ್ಯ ಈ ಕರಾವಳಿಯದೇ. ಮನೆಯಲ್ಲೇ ಚಿಲ್ಲರೆ ಇದ್ದವರಿಗೆ ರೋಮಿನ ಚಿಲ್ಲರೆ ಬೇಕಾಗಲಿಲ್ಲ. ತೊಟ್ಲಕೊಂಡದ ಒಂಬತ್ತು ಸೀಸ, ಐದು ಬೆಳ್ಳಿ ಈ ವ್ಯವಸ್ಥೆಯ ಪುಟ್ಟ ನಮೂನೆ: ದಿನದ ವ್ಯವಹಾರಕ್ಕೆ ಸ್ಥಳೀಯ ಸೀಸ, ದೊಡ್ಡ ಮೊತ್ತಕ್ಕೆ ಹೊರಗಿನ ಬೆಳ್ಳಿ.

ಯಶವಂತಪುರದಲ್ಲೂ ಅದೇ ಲೆಕ್ಕ

ಈ ಲೆಕ್ಕ ಆಂಧ್ರಕ್ಕೆ ಮಾತ್ರ ಸೀಮಿತವಲ್ಲ. 1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ರೈಲು ಹಾದಿಗೆ ಮಣ್ಣು ಅಗೆಯುವಾಗ ಸಿಕ್ಕ ನಿಧಿಯಲ್ಲಿ 163 ರೋಮನ್ ನಾಣ್ಯಗಳಿದ್ದವು. ಎಲ್ಲವೂ ಬೆಳ್ಳಿ. 1965ರಲ್ಲಿ ಎಚ್‌ಎಎಲ್ ಪ್ರದೇಶದಲ್ಲಿ ಸಿಕ್ಕ 256 ನಾಣ್ಯಗಳೂ ಬೆಳ್ಳಿಯವೇ. 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಆಗಸ್ಟಸ್ ಮತ್ತು ಟೈಬೀರಿಯಸ್‌ನ ಡಿನೇರಿಯಸ್‌ಗಳು ಸಿಕ್ಕಿವೆ; ಅದೇ ನೆಲ ಸದಕಣ ಕಳಲಾಯ ಮಹಾರಠಿಯ ಸೀಸದ ನಾಣ್ಯಗಳನ್ನೂ ಕೊಟ್ಟಿದೆ. ಈಗ ತೆಲಂಗಾಣಕ್ಕೆ ಸೇರಿರುವ ನಲ್ಗೊಂಡ ಸೀಮೆಯ ಅಕ್ಕನಪಲ್ಲಿಯಲ್ಲಿ 1,531 ಡಿನೇರಿಯಸ್‌ಗಳ ದೊಡ್ಡ ನಿಧಿ ಸಿಕ್ಕಿತು. ಗುಂಟೂರು ಸೀಮೆಯ ವಿನುಕೊಂಡದಲ್ಲಿ ಟೈಬೀರಿಯಸ್‌ನಿಂದ ಕಾರಕಲ್ಲನವರೆಗಿನ ಚಿನ್ನ ಸಿಕ್ಕಿತು.

ಬೆಳ್ಳಿಯಲ್ಲೂ ನಮ್ಮವರು ಆರಿಸಿ ತೆಗೆದುಕೊಂಡರು. ಈ ನಿಧಿಗಳಲ್ಲಿ ಮತ್ತೆ ಮತ್ತೆ ಬರುವುದು ಎರಡು ಮಾದರಿ: ಮೊಮ್ಮಕ್ಕಳಾದ ಗಾಯಸ್ ಮತ್ತು ಲೂಸಿಯಸ್ ಗುರಾಣಿ ಹಿಡಿದು ನಿಂತ ಆಗಸ್ಟಸ್‌ನ ನಾಣ್ಯ, ಹಿಂಬದಿಯಲ್ಲಿ ಸ್ತ್ರೀಮೂರ್ತಿ ಕುಳಿತ ಟೈಬೀರಿಯಸ್‌ನ ನಾಣ್ಯ. ಕ್ರಿ.ಶ. 64ರಲ್ಲಿ ನೀರೋ ಡಿನೇರಿಯಸ್ಸಿನ ತೂಕವನ್ನೂ ಶುದ್ಧಿಯನ್ನೂ ಇಳಿಸಿದ. ಆಮೇಲಿನ ಬೆಳ್ಳಿಗೆ ಇಲ್ಲಿ ಹಳೆಯ ಮರ್ಯಾದೆ ಸಿಗಲಿಲ್ಲ. ಚಕ್ರವರ್ತಿಯ ಹೆಸರು ಓದಲು ಬಾರದಿದ್ದರೂ ನಮ್ಮ ಚಿನಿವಾರನಿಗೆ ಲೋಹ ಓದಲು ಬರುತ್ತಿತ್ತು. 1898ರಲ್ಲಿ ಪುದುಕ್ಕೋಟೆಯಲ್ಲಿ ಸಿಕ್ಕ 501 ಔರಿಯಸ್‌ಗಳಲ್ಲಿ ಬಹುಪಾಲಿನ ಮುಖದ ಮೇಲೆ ಉಳಿಯ ಗೀಟು ಬಿದ್ದಿದೆ. ಚಕ್ರವರ್ತಿ ಯಾರೇ ಆಗಲಿ, ಇಲ್ಲಿಗೆ ಬಂದ ಮೇಲೆ ಅವನ ಮುಖಕ್ಕೆ ಬೆಲೆಯಿರಲಿಲ್ಲ.

ಕಂಚು ಬಂದದ್ದು ತಡವಾಗಿ, ತೆಂಕಣಕ್ಕೆ. ನಾಲ್ಕು ಮತ್ತು ಐದನೆಯ ಶತಮಾನದ ಸಣ್ಣ ರೋಮನ್ ನಾಣ್ಯಗಳು ತಮಿಳುನಾಡಿನ ಕರೂರು, ಮಧುರೈ ಕಡೆ ಮತ್ತು ಶ್ರೀಲಂಕೆಯಲ್ಲಿ ಸಾವಿರಗಟ್ಟಲೆ ಸಿಗುತ್ತವೆ. ‘ದಿನಮಲರ್’ ಪತ್ರಿಕೆಯ ಸಂಪಾದಕರಾಗಿದ್ದ ಆರ್. ಕೃಷ್ಣಮೂರ್ತಿ ಕರೂರು, ಮಧುರೈಗಳ ಇಂಥ ತಾಮ್ರನಾಣ್ಯಗಳ ಬಗ್ಗೆ 1994ರಲ್ಲಿ ಪುಸ್ತಕವನ್ನೇ ತಂದರು. ಅಲ್ಲಿ ಆ ಹೊತ್ತಿಗೆ ಚಿಲ್ಲರೆಯ ಅಭಾವವಿತ್ತು, ಹೊರಗಿನಿಂದ ಬಂದ ಕಂಚು ಆ ಕೊರತೆ ತುಂಬಿತು ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ. ಲಂಕೆಯಲ್ಲಂತೂ ಬಂದದ್ದು ಸಾಲದೆ ಅದನ್ನೇ ಹೋಲುವ ನಾಣ್ಯಗಳನ್ನು ಊರಲ್ಲೇ ಮಾಡಿಕೊಂಡರು. ಆ ಕಾಲದ ಆಂಧ್ರದಲ್ಲಾದರೋ ವಿಷ್ಣುಕುಂಡಿಗಳ ಸಿಂಹದ ಗುರುತಿನ ನಾಣ್ಯಗಳು ಚಲಾವಣೆಗೆ ಬಂದಿದ್ದವು. ದೊಡ್ಡ ಹಣ ಲಾಭವಿದ್ದಲ್ಲಿಗೆ ಹೋಗುತ್ತದೆ. ಚಿಲ್ಲರೆ ಕೊರತೆಯಿದ್ದಲ್ಲಿಗೆ ಮಾತ್ರ ಹೋಗುತ್ತದೆ.

ಕನ್ನಡಿಗರಿಗೆ ಗೊತ್ತಿರುವ ಇಬ್ಬರು

ಇಷ್ಟೆಲ್ಲ ಹೇಳಲು ಸಾಧ್ಯವಾಗಿರುವುದು ಯಾವ ನಾಣ್ಯ ಎಲ್ಲಿ ಸಿಕ್ಕಿತು ಎಂದು ಯಾರೋ ಬರೆದಿಟ್ಟದ್ದರಿಂದ. ಹಾಗೆ ಬರೆದಿಟ್ಟವರಲ್ಲಿ ಇಬ್ಬರು ಕನ್ನಡನಾಡಿಗೂ ಕೃಷ್ಣೆಯ ದಡಕ್ಕೂ ಸಮಾನವಾಗಿ ಸಂಬಂಧಪಟ್ಟವರು.

ವಾಲ್ಟರ್ ಎಲಿಯಟ್ ಧಾರವಾಡದಲ್ಲಿ ಕಂಪನಿಯ ಕಿರಿಯ ಅಧಿಕಾರಿಯಾಗಿದ್ದಾಗ, 1824ರ ಕಿತ್ತೂರು ಯುದ್ಧದಲ್ಲಿ ರಾಣಿ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕಿದವನು. ಮುಂದೆ ಕನ್ನಡ ಸೀಮೆಯ 595 ಶಾಸನಗಳ ಪ್ರತಿ ಮಾಡಿಸಿದ. 1845ರಲ್ಲಿ ಉತ್ತರ ಸರ್ಕಾರ್ ಸೀಮೆಗೆ ಕಮಿಷನರನಾಗಿ ಬಂದು ಅಮರಾವತಿಯ ಸ್ತೂಪದಲ್ಲಿ ಅಗೆತ ಮಾಡಿಸಿದ. ಜೀವನವಿಡೀ ಕೂಡಿಟ್ಟ ದಕ್ಷಿಣದ ನಾಣ್ಯಗಳ ಬಗ್ಗೆ ದೃಷ್ಟಿ ಹೋದ ಮುಪ್ಪಿನಲ್ಲಿ ಪುಸ್ತಕ ಸಿದ್ಧಪಡಿಸಿದ. ಅದು ಹೊರಬಂದದ್ದು 1886ರಲ್ಲಿ. ಮರುವರ್ಷ ಆತ ತೀರಿಕೊಂಡ.

ವಿಜಯನಗರದ ಚರಿತ್ರೆ ಬರೆದ ರಾಬರ್ಟ್ ಸಿವೆಲ್ ಇನ್ನೊಬ್ಬ. 1877ರಲ್ಲಿ ಅಮರಾವತಿಯನ್ನು ಅಗೆಸಿದ ಈತ 1904ರಲ್ಲಿ ಭಾರತದಲ್ಲಿ ಸಿಕ್ಕ ರೋಮನ್ ನಾಣ್ಯಗಳನ್ನೆಲ್ಲ ಊರುವಾರು ಪಟ್ಟಿ ಮಾಡಿ ದೀರ್ಘ ಲೇಖನ ಪ್ರಕಟಿಸಿದ. ನೀರೋನ ನಂತರದ ನಾಣ್ಯಗಳು ಕಡಿಮೆ ಇರುವುದನ್ನು ಕಂಡು ವ್ಯಾಪಾರವೇ ಇಳಿಯಿತು ಎಂದು ಅವನು ತೀರ್ಮಾನಿಸಿದ. ವ್ಯಾಪಾರ ಇಳಿದಿರಬೇಕಿಲ್ಲ, ಜನ ಹಳೆಯ ಒಳ್ಳೆಯ ಬೆಳ್ಳಿಯನ್ನೇ ಹುಡುಕಿ ಪಡೆದರು ಎಂದು ಮುಂದಿನವರು ತಿದ್ದಿದರು. ಅವರು ತಿದ್ದಿದ್ದು ಬಹುಮಟ್ಟಿಗೆ ಸಿವೆಲ್ಲನದೇ ಪಟ್ಟಿಯನ್ನು ಮುಂದಿಟ್ಟುಕೊಂಡು. ತೀರ್ಮಾನ ಹಳೆಯದಾಯಿತು, ಊರಿನ ಹೆಸರುಗಳು ಇಂದಿಗೂ ಕೆಲಸಕ್ಕೆ ಬರುತ್ತಿವೆ.

ಆ ಕಾಲದಲ್ಲಿ ವಿಶಾಖಪಟ್ಟಣ, ಬೆಜವಾಡ (ಇಂದಿನ ವಿಜಯವಾಡ) ಎರಡೂ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಹಾಗಾಗಿ 1953ಕ್ಕೆ ಮುಂಚೆ ಆಂಧ್ರ ಕರಾವಳಿಯಲ್ಲಿ ಸಿಕ್ಕ ನಿಧಿಗಳ ಜಾಡು ಹಿಡಿದವರು ಚೆನ್ನೈನ ಎಗ್ಮೋರ್ ಮ್ಯೂಸಿಯಮ್ಮಿಗೂ ಹೋಗಬೇಕಾಗುತ್ತದೆ. ವಿಜಯವಾಡದ್ದೇ ಮ್ಯೂಸಿಯಂ ನೋಡಬೇಕೆಂದರೆ, 1887ರಲ್ಲಿ ವಿಕ್ಟೋರಿಯಾ ರಾಣಿಯ ಜ್ಯುಬಿಲಿಗೆಂದು ಅಡಿಗಲ್ಲು ಹಾಕಿದ ಕಟ್ಟಡವಿದೆ. 1921ರಲ್ಲಿ ಪಿಂಗಳಿ ವೆಂಕಯ್ಯ ತಮ್ಮ ಧ್ವಜದ ವಿನ್ಯಾಸವನ್ನು ಗಾಂಧೀಜಿಗೆ ಕೊಟ್ಟ ಜಾಗವೆಂದೂ ಅದು ಹೆಸರಾಗಿದೆ. ಕಲಾವಿದ, ನಿರ್ದೇಶಕ ಬಾಪು ಅವರ ಹೆಸರಿನಲ್ಲಿ 2020ರ ಅಕ್ಟೋಬರಿನಲ್ಲಿ ಅದು ಮತ್ತೆ ಬಾಗಿಲು ತೆರೆಯಿತು.

ಯಾವ ಅಮರಾವತಿ?

ಊರಿನ ಹೆಸರು ಏಕೆ ಮುಖ್ಯ ಎಂಬುದಕ್ಕೆ ವಿಜಯವಾಡದ ನೆರೆಯಲ್ಲೇ ಉದಾಹರಣೆಯಿದೆ. ಮಾರುವವರು ರೋಮನ್ ಕಂಚೊಂದನ್ನು ತೋರಿಸಿ ‘ಅಮರಾವತಿಯಲ್ಲಿ ಸಿಕ್ಕಿದ್ದು ಸಾರ್’ ಎಂದರೆ ಯಾವ ಅಮರಾವತಿ? ಕೃಷ್ಣೆಯ ದಡದ ಸ್ತೂಪದ ಊರೋ, ಕರೂರಿನ ಪಕ್ಕ ಹರಿಯುವ ಅಮರಾವತಿ ನದಿಯೋ? ಕರೂರಿನ ಹೊಳೆಯ ಮರಳಿನಲ್ಲಿ ಇಂಥ ನಾಣ್ಯ ಸಿಗುವುದು ಮಾಮೂಲು. ಕೃಷ್ಣೆಯ ಅಮರಾವತಿಯಲ್ಲಿ ಮಣ್ಣಿನ ಪದರದಿಂದಲೇ ತೆಗೆದದ್ದೆಂದು ಖಚಿತವಾದರೆ, ಆಂಧ್ರದ ಚಿಲ್ಲರೆಯ ಇತಿಹಾಸಕ್ಕೇ ಹೊಸ ಸಾಲು ಸೇರಿಸುವ ಸುದ್ದಿ ಅದು. ನಾಣ್ಯ ಒಂದೇ, ಬೆಲೆಯೂ ಒಂದೇ ಇರಬಹುದು. ಹೇಳುವ ವಿಷಯ ಪೂರ್ತಿ ಬೇರೆ.

ಇಂಗ್ಲೆಂಡಿನ ಸಾಮರ್ಸೆಟ್‌ನಲ್ಲಿ 2010ರ ಏಪ್ರಿಲಿನಲ್ಲಿ ನಡೆದದ್ದು ಇನ್ನೂ ಸ್ಪಷ್ಟ. ಫ್ರೋಮ್ ಎಂಬ ಊರಿನ ಬಳಿ ಮೆಟಲ್ ಡಿಟೆಕ್ಟರ್ ಹಿಡಿದು ಹೊರಟ ಹವ್ಯಾಸಿಗೆ ಮಣ್ಣಿನ ಗಡಿಗೆಯೊಂದರ ಬಾಯಿ ಸಿಕ್ಕಿತು. ಅವರು ಕೈಹಾಕಿ ಖಾಲಿ ಮಾಡದೆ ಅಗೆತ ನಿಲ್ಲಿಸಿ ಪುರಾತತ್ವದವರನ್ನು ಕರೆದರು. ಗಡಿಗೆಯಲ್ಲಿದ್ದದ್ದು 52,503 ನಾಣ್ಯಗಳು, ಬಹುಪಾಲು ಮೂರನೆಯ ಶತಮಾನದ ಅಗ್ಗದ ಚಿಲ್ಲರೆ. ಪದರ ಪದರವಾಗಿ ತೆಗೆದದ್ದರಿಂದ ಒಂದು ಸಂಗತಿ ಬೆಳಕಿಗೆ ಬಂತು. ಗಡಿಗೆಯಲ್ಲಿ ತೀರ ಈಚಿನವಾದ ಕರೌಸಿಯಸ್‌ನ ನಾಣ್ಯಗಳಲ್ಲಿ ಹೆಚ್ಚಿನವು ಮೇಲೆ ಇರಲಿಲ್ಲ, ಕೆಳಭಾಗದಲ್ಲಿದ್ದವು. ವರ್ಷ ವರ್ಷ ಉಳಿತಾಯ ಮಾಡಿ ಹಾಕಿದ್ದರೆ ಹಾಗಾಗದು. ಒಂದೇ ಸಲಕ್ಕೆ ಸುರಿದದ್ದು, ಬಹುಶಃ ದೇವರಿಗೆ ಅರ್ಪಿಸಿದ್ದು ಎಂಬ ವಾದ ಹುಟ್ಟಿದ್ದು ಇದರಿಂದ. ಬುಟ್ಟಿಗೆ ಸುರಿದು ಮನೆಗೆ ಒಯ್ದಿದ್ದರೆ ನಾಣ್ಯಗಳೆಲ್ಲ ಉಳಿಯುತ್ತಿದ್ದವು, ಈ ತಿಳಿವಳಿಕೆ ಮಾತ್ರ ಉಳಿಯುತ್ತಿರಲಿಲ್ಲ.

ಕಡಲ ಗಾಳಿ ಮತ್ತು ಹುಣಸೆಹಣ್ಣು

ಈಗಾಗಲೇ ಕೈಗೆ ಬಂದ ಕಂಚನ್ನು ಉಳಿಸಿಕೊಳ್ಳುವುದೂ ಸುಲಭವಲ್ಲ, ಅದರಲ್ಲೂ ವಿಶಾಖಪಟ್ಟಣದಂಥ ಊರಿನಲ್ಲಿ. ಮಣ್ಣಿನಿಂದ ಬಂದ ನಾಣ್ಯದೊಳಗೆ ಕ್ಲೋರೈಡ್ ಲವಣ ಅಡಗಿರುತ್ತದೆ. ಗಾಳಿಯ ತೇವ ತಾಗಿದರೆ ಅದು ಎಚ್ಚೆತ್ತು ಲೋಹವನ್ನು ತಿನ್ನತೊಡಗುತ್ತದೆ. ತಿಳಿ ಹಸಿರು ಪುಡಿಯ ಚುಕ್ಕೆ ಕಂಡರೆ, ಉಗುರು ತಾಗಿದಾಗ ಉದುರಿದರೆ, ಅದು ರೋಗ. ಹವ್ಯಾಸಿಗಳು ಇದನ್ನು ಬ್ರಾಂಜ್ ಡಿಸೀಸ್ ಎನ್ನುತ್ತಾರೆ. ಗಟ್ಟಿಯಾಗಿ ಹೊಳೆಯುವ ಹಸಿರು ಅಥವಾ ಕಂದು ಪದರ ರೋಗವಲ್ಲ. ಅದು ಪಟಿನಾ, ನಾಣ್ಯದ ರಕ್ಷಾಕವಚ. ರೋಗ ತಡೆಯಲು ಡಬ್ಬಿಯೊಳಗಿನ ತೇವ ಶೇ 40ರ ಒಳಗಿರಬೇಕು. ಕಡಲಂಚಿನ ಗಾಳಿಯಲ್ಲಿ ಅದು ವರ್ಷದ ಬಹುಕಾಲ ಶೇ 70ರ ಮೇಲಿರುತ್ತದೆ. ಗಾಳಿಯಾಡದ ಡಬ್ಬಿ, ಅದರಲ್ಲಿ ಸಿಲಿಕಾ ಜೆಲ್ ಪೊಟ್ಟಣ, ಆ ಪೊಟ್ಟಣವನ್ನು ಆಗಾಗ ಬಿಸಿಮಾಡಿ ಒಣಗಿಸುವ ಶಿಸ್ತು ಬೇಕೇ ಬೇಕು. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ಕಿನ ಜೇಬುಗಳಿರುವ ಅಗ್ಗದ ಆಲ್ಬಂ ದೂರವಿಡಬೇಕು. ಕಾಲಕ್ರಮದಲ್ಲಿ ಆ ಪ್ಲಾಸ್ಟಿಕ್ಕೇ ಲೋಹವನ್ನು ಕೆಡಿಸುತ್ತದೆ.

ಇನ್ನೊಂದು ಅಪಾಯ ಅಡುಗೆಮನೆಯಲ್ಲಿದೆ. ದೇವರ ದೀಪ ಬೆಳಗಿದಂತೆ ನಾಣ್ಯವನ್ನೂ ಹುಣಸೆಹಣ್ಣಿನಲ್ಲಿ ಉಜ್ಜಿ ಫಳಫಳ ಮಾಡುವವರಿದ್ದಾರೆ. ಹುಳಿ ಪಟಿನಾವನ್ನು ತಿಂದುಹಾಕುತ್ತದೆ. ಅಕ್ಷರದ ಅಂಚುಗಳೂ ಹೋಗುತ್ತವೆ. ಪಟಿನಾ ಕಳೆದ ನಾಣ್ಯಕ್ಕೆ ಮಾರುಕಟ್ಟೆಯಲ್ಲಿ ಬೆಲೆಯೂ ಇಲ್ಲ, ಅಭ್ಯಾಸಿಗೆ ಉಪಯೋಗವೂ ಇಲ್ಲ. ಬಟ್ಟಿಯಿಳಿಸಿದ ನೀರು, ಮೆದು ಬ್ರಷ್ಷು, ಮರದ ಕಡ್ಡಿ, ಸಹನೆ ಇಷ್ಟು ಸಾಕು.

ನಕಲಿಯ ಕಾಟ ಬೇರೆ. ಅಚ್ಚಿನಲ್ಲಿ ಎರಕ ಹೊಯ್ದ ನಕಲಿಗೆ ಅಂಚಿನ ಸುತ್ತ ಸೀಳುಗೆರೆ, ಮೈಮೇಲೆ ಗಾಳಿಗುಳ್ಳೆಯ ಸಣ್ಣ ಕುಳಿ, ಸಾಬೂನು ಸವರಿದಂಥ ಮೊಂಡು ಅಕ್ಷರ ಇರುತ್ತವೆ. ಅಸಲಿಯನ್ನು ಎರಡು ಠಸ್ಸೆಗಳ ನಡುವೆ ಸುತ್ತಿಗೆಯಿಂದ ಹೊಡೆದು ಮಾಡಿದ್ದು. ಒಂದರಂತೆ ಇನ್ನೊಂದು ಇರುವುದಿಲ್ಲ. ಒಂದೇ ಕಡೆ ಒಂದೇ ಗೀರಿರುವ ಎರಡು ನಾಣ್ಯ ಕಂಡರೆ ಎರಡನ್ನೂ ವಾಪಸ್ಸು ಕೊಡುವುದು ಕ್ಷೇಮ.

ಕಾಯ್ದೆ ಮತ್ತು ನೋಟುಬುಕ್ಕು

ಕಾನೂನು ಇಲ್ಲಿ ಎರಡು. 1878ರ ಟ್ರೆಷರ್ ಟ್ರೋವ್ ಕಾಯ್ದೆಯ ಪ್ರಕಾರ ನೆಲದಲ್ಲಿ ಹುದುಗಿದ್ದ, ಹತ್ತು ರೂಪಾಯಿ ಮೀರಿದ ಬೆಲೆಯ ನಿಧಿ ಸಿಕ್ಕವರು ಕಲೆಕ್ಟರಿಗೆ ತಿಳಿಸಬೇಕು. 1972ರ ಪ್ರಾಚೀನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪ್ರಾಚೀನ ವಸ್ತು. ಅವುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಆದ್ದರಿಂದ ಲೈಸೆನ್ಸ್ ಇರುವವರಲ್ಲೇ ಕೊಳ್ಳಬೇಕು, ರಸೀದಿ ಇಟ್ಟುಕೊಳ್ಳಬೇಕು. ಹೊಲದಲ್ಲಿ ಅಗೆದು ತಂದೆ ಎಂದು ಯಾರಾದರೂ ಮುಷ್ಟಿ ತುಂಬ ತೋರಿಸಿದರೆ ಎಷ್ಟೇ ಅಗ್ಗವಾದರೂ ಬೇಡ ಎನ್ನಬೇಕು. ಅಲ್ಲಿ ಕೊಟ್ಟ ದುಡ್ಡು ಮುಂದಿನ ಗುಂಡಿಗೆ ಕೂಲಿಯಾಗುತ್ತದೆ. ತೊಟ್ಲಕೊಂಡದಂಥ ಗುಡ್ಡಗಳು ಸಾಲುಸಾಲಾಗಿರುವ ಕರಾವಳಿಯಲ್ಲಿ ಈ ಮಾತಿಗೆ ಹೆಚ್ಚು ತೂಕವಿದೆ.

ಕಾನ್‌ಸ್ಟಂಟೈನನ ಕಂಚು ಕೂಡಿಡುವುದರಲ್ಲಿ ತಪ್ಪೇನಿಲ್ಲ. ಲ್ಯಾಟಿನ್ ಅಕ್ಷರ, ಚಕ್ರವರ್ತಿಗಳ ವಂಶಾವಳಿ, ಹಣದುಬ್ಬರದ ಪಾಠ ಎಲ್ಲವನ್ನೂ ಇಷ್ಟು ಅಗ್ಗವಾಗಿ ಕಲಿಸುವ ಮೇಷ್ಟ್ರು ಇನ್ನೊಬ್ಬರಿಲ್ಲ. ಆದರೆ ಅದು ಯೂರೋಪಿನ ಯಾವುದೋ ಹೊಲದಿಂದ ಬಂದದ್ದೇ, ಕರೂರಿನ ಹೊಳೆಯದೇ, ಆಂಧ್ರದ್ದೇ ಎಂದು ಬರೆದಿಡದಿದ್ದರೆ, ಇನ್ನೈವತ್ತು ವರ್ಷಕ್ಕೆ ಆಲ್ಬಂ ಮೊಮ್ಮಕ್ಕಳ ಕೈಸೇರಿದಾಗ ಮೂರೂ ಕಲಸಿಹೋಗುತ್ತವೆ. ಯಾರಿಂದ ಕೊಂಡದ್ದು, ಯಾವ ವರ್ಷ, ತೂಕ ಎಷ್ಟು, ಅಗಲ ಎಷ್ಟು, ಎಲ್ಲಿ ಸಿಕ್ಕಿದ್ದೆಂದು ಮಾರಿದವರು ಹೇಳಿದರು, ಅದಕ್ಕೆ ಆಧಾರವೇನು: ಒಂದು ನಾಣ್ಯಕ್ಕೆ ಆರು ಕಲಂ ಸಾಕು. ಆಧಾರ ಇಲ್ಲದಿದ್ದರೆ ಆ ಕಲಮ್ಮಿನಲ್ಲಿ ‘ಇಲ್ಲ’ ಎಂದೇ ಬರೆಯಬೇಕು. ಹೊಸದಾಗಿ ಈ ಹವ್ಯಾಸಕ್ಕೆ ಇಳಿಯುವವರು ಮೊದಲ ನಾಣ್ಯಕ್ಕಿಂತ ಮುಂಚೆ ಗಟ್ಟಿ ರಟ್ಟಿನ ನೋಟುಬುಕ್ಕೊಂದನ್ನು ಕೊಳ್ಳಲಿ.